ಸ್ಟೀರಿಂಗಿಗೆ ತೂಗುಹಾಕಿದ ಕೆಂಪು ತಗಡು

ಹೋದ ತಿಂಗಳು ನೈಸ್ ರಸ್ತೆಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಾಗಿನಿಂದ ವೆಂಕಟಲಕ್ಷ್ಮಿ ಕಾರಿನಲ್ಲಿ ಕೂತರೆ ರಸ್ತೆ ನೋಡುವುದನ್ನು ಬಿಟ್ಟಿದ್ದಳು. ನೋಡುತ್ತಿದ್ದುದು ಮುಳ್ಳನ್ನು. ಸ್ಟೀರಿಂಗಿನ ಸಂದಿಯಲ್ಲಿ ಕಾಣುವ, ಎಂಜಿನ್ನಿನ ಕಾವು ತೋರಿಸುವ ಸಣ್ಣ ಮುಳ್ಳು. ಅದು ಕೆಂಪು ಗೆರೆಯ ಕಡೆ ಸ್ವಲ್ಪ ವಾಲಿದರೂ ಅವಳ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಳ್ಳುತ್ತಿದ್ದವು.

ಅವತ್ತು ಜಿಗಣಿಯಿಂದ, ಮಗಳು ಶರಣ್ಯಳ ಮನೆಯಿಂದ, ಲಗ್ಗೆರೆಗೆ ವಾಪಸು ಬರುತ್ತಿದ್ದರು. ಗಂಡ ಶ್ಯಾಮಸುಂದರ ಗಾಡಿಯನ್ನು ಪಕ್ಕಕ್ಕೆ ಹಾಕಿ, ಒದ್ದೆ ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಅವಳು "ತಡೀರಿ" ಅನ್ನುವಷ್ಟರಲ್ಲಿ ಮುಚ್ಚಳ ಹಾರಿತು. ಕಂದು ಬಣ್ಣದ ನೀರು ಆಳೆತ್ತರಕ್ಕೆ ಚಿಮ್ಮಿತು. ಅವನು ಮುಖ ತಿರುಗಿಸಿದ್ದರಿಂದ ಉಳಿದ. ಒಂದು ಹನಿ ಅವಳ ಮೊಣಕೈ ಮೇಲೆ ಬಿದ್ದಿತ್ತು. ಈಗ ಗುರುತು ಹೋಗಿದೆ; ಜಾಗ ಮಾತ್ರ ಅವಳಿಗೆ ಗೊತ್ತು.

ಬರುವ ಭಾನುವಾರ ಅದೇ ಗಾಡಿಯಲ್ಲಿ, ಅದೇ ರಸ್ತೆಯಲ್ಲಿ, ತುಂಬು ಬಸುರಿ ಶರಣ್ಯಳನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರಬೇಕು.

ಅಳಿಯ ಆಕರ್ಷ್ ಫೋನಿನಲ್ಲಿ, "ಮಾವ, ನಾನೇ ಒಂದು ಟ್ಯಾಕ್ಸಿ ಬುಕ್ ಮಾಡ್ಲಾ?" ಎಂದು ಕೇಳಿದ್ದ.

"ಮಗಳನ್ನ ತವರಿಗೆ ಬಾಡಿಗೆ ಗಾಡೀಲಿ ತರೋ ಹಾಗಾಯ್ತಾ ನಂಗೆ," ಎಂದು ಶ್ಯಾಮಸುಂದರ ನಕ್ಕ. ಆ ನಗುವಿಗೆ ಟ್ಯಾಕ್ಸಿಯ ಮಾತು ಅಲ್ಲಿಗೇ ಮುಗಿಯಿತು.

ಪೀಣ್ಯ ಎರಡನೇ ಹಂತದಲ್ಲಿ ಗ್ಯಾರೇಜು ಇಟ್ಟಿರುವ ಮುತ್ತು ಗಾಡಿ ನೋಡಿ ಹೇಳಿದ್ದ: "ಬೋರ್ ನೀರು ಹಾಕಿ ಹಾಕಿ ಒಳಗೆಲ್ಲಾ ಸುಣ್ಣ ಕಟ್ಟಿದೆ ಅಣ್ಣ. ತೊಳೆದ್ರೆ ಸ್ವಲ್ಪ ದಿನ ಓಡತ್ತೆ. ಓಡ್ದೇನೂ ಇರಬಹುದು. ಇದಕ್ಕಿಂತ ದೊಡ್ಡದು, ಅಲ್ಯೂಮಿನಿಯಂದು ಕೂರಿಸ್ಬಿಟ್ರೆ ನಿಶ್ಚಿಂತೆ. ಮುಂದುಗಡೆ ಕಬ್ಬಿಣ ಒಂಚೂರು ಕೊಯ್ಬೇಕಾಗತ್ತೆ, ಅಷ್ಟೆ."

"ಕೊಯ್ಯೋದಾ? ಈ ಗಾಡಿ ಮೇಲೆ ಒಂದು ಗೀರು ಬೀಳೋಕೆ ಬಿಟ್ಟಿಲ್ಲ ಕಣೋ ನಾನು. ನಿಂಗೆ ಮಾರೋಕೆ ಯಾವುದೋ ಡಬ್ಬ ಇದೆ, ಅದಕ್ಕೆ ನನ್ನ ಗಾಡಿ ಬೇಕು."

"ನಾನೇನು ಅದನ್ನ ತಲೆ ಮೇಲೆ ಹೊತ್ಕೊಂಡು ಕೂತಿದೀನಾ ಅಣ್ಣ. ನಿಮ್ಮಿಷ್ಟ."

"ಸರ್ಕಾರಿ ಫ್ಯಾಕ್ಟರೀಲಿ ರಿಟೈರಾಗೋವರ್ಗೂ ಬಾಯ್ಲರ್ ನಡೆಸಿದೀನಿ. ಅದರ ಮುಂದೆ ಇದೊಂದು ಸಾರಿನ ಪಾತ್ರೆ."

ಇಬ್ಬರಲ್ಲಿ ಯಾರು ಸರಿ ಎಂದು ವೆಂಕಟಲಕ್ಷ್ಮಿಗೆ ತಿಳಿಯಲಿಲ್ಲ. ಮುತ್ತುಗೆ ವ್ಯಾಪಾರ ಬೇಕಿರಬಹುದು. ಗಂಡನಿಗೆ ನಿಜವಾಗಿಯೂ ಗೊತ್ತಿರಬಹುದು. ಗೊತ್ತಿಲ್ಲ ಎಂದು ಇಬ್ಬರೂ ಹೇಳುವವರಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಶ್ಯಾಮಸುಂದರ ಮನೆಯ ಮುಂದೆಯೇ ಆಸಿಡ್ ಬೆರೆಸಿದ ನೀರಿನಿಂದ ರೇಡಿಯೇಟರ್ ತೊಳೆದ. ತುಕ್ಕಿನ ನೀರು ಬೀದಿಯುದ್ದಕ್ಕೂ ಹರಿಯಿತು. ಬುಧವಾರ ಅವಳನ್ನು ಕೂರಿಸಿಕೊಂಡು ನಾಗಸಂದ್ರದವರೆಗೆ ಹೋಗಿಬರೋಣ ಎಂದು ಹೊರಟ. ಏಪ್ರಿಲ್ ಬಿಸಿಲು. ಅವನು ಹೀಟರ್ ಹಾಕಿದ. ಎಂಜಿನ್ನಿನ ಕಾವನ್ನು ಅದು ಒಳಗೆ ಎಳೆದುಕೊಳ್ಳುತ್ತದಂತೆ. ಬಿಸಿ ಗಾಳಿ ಅವಳ ಮಂಡಿಗೆ ಹೊಡೆಯಿತು. ರವಿಕೆ ಬೆನ್ನಿಗೆ ಅಂಟಿತು.

"ಶರಣ್ಯ ಕೂತಾಗ್ಲೂ ಹೀಟರ್ ಹಾಕ್ತೀರಾ?"

"ಒಂದು ಗಂಟೆ ದಾರಿ ಕಣೇ. ಕಿಟಕಿ ತೆಗೆದ್ರಾಯ್ತು."

ಮೆಟ್ರೋ ಕಂಬಗಳ ಕೆಳಗೆ ಸಿಗ್ನಲ್ ಬಿತ್ತು. ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸು. ಮುಳ್ಳು ಏಳತೊಡಗಿತು. ಮಾತಾಡಿದರೆ ಇನ್ನೂ ಬೇಗ ಏಳುತ್ತದೇನೋ ಎಂದು ಅವಳಿಗೆ ಅನ್ನಿಸಿತು. ಕೆಂಪು ಗೆರೆ ಮುಟ್ಟುವ ಮೊದಲೇ ಅವನು ಎಂಜಿನ್ ಆರಿಸಿದ. ಹಾರ್ನ್‌ಗಳು ಶುರುವಾದವು. ಅವನು ಎಡಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಹರಡಿ, ತಲೆ ವಾಲಿಸಿ, ಏನನ್ನೋ ಆಲಿಸುತ್ತಿದ್ದ.

ಈ ಭಂಗಿ ಅವಳಿಗೆ ಗೊತ್ತಿತ್ತು. ಆಯುಧಪೂಜೆಯ ದಿನ ಮನೆಯವರನ್ನು ಫ್ಯಾಕ್ಟರಿಯೊಳಗೆ ಬಿಡುತ್ತಿದ್ದರು. ಆಗ ಹೀಗೆಯೇ ಬಾಯ್ಲರಿನ ಮೈಮೇಲೆ ಕೈಯಿಟ್ಟು, ದನದ ಮೈ ಸವರುವವನ ಹಾಗೆ ನಿಂತಿರುತ್ತಿದ್ದ.

"ನೋಡು, ಏನೂ ಆಗ್ಲಿಲ್ಲ," ಎಂದು ಅವನು ಕೈ ತೆಗೆದ. ಡ್ಯಾಶ್‌ಬೋರ್ಡಿನ ಮೇಲೆ ಅವನ ಅಂಗೈಯ ಬೆವರಿನ ಅಚ್ಚು ಉಳಿದಿತ್ತು. ಐದೂ ಬೆರಳು.

ಇವನಿಗೂ ಭಯವಿದೆ.

ಭಯಕ್ಕೆ ಜೊತೆಗೊಬ್ಬರಿದ್ದಾರೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಅವಳು ಒರಗಿಕೊಂಡಿದ್ದು ಅವನಿಗೆ ಭಯವಿಲ್ಲ ಎಂಬುದಕ್ಕೆ. ಆ ಗೋಡೆ ಈಗ ಬೆನ್ನ ಹಿಂದೆ ಇರಲಿಲ್ಲ. ಭಯವಿದ್ದೂ ಅವನು ಭಾನುವಾರ ಹೊರಡುತ್ತಾನೆ. ಹೊರಡುವುದಿಲ್ಲ ಎನ್ನಲು ಅವನಿಗೆ ಬರುವುದಿಲ್ಲ.

ಗುರುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಮೆಟ್ಟಿಲ ಕೆಳಗಿನ ಮೊಳೆಯಿಂದ ಕೆಂಪು ತಗಡನ್ನು ತೆಗೆದಳು.

ಅದು ಬಾಯ್ಲರ್ ಮನೆಯದು. ಕೆಲಸ ಬಾಕಿ ಇದೆ ಎಂದು ಕಂಡವನು ಅದರ ಮೇಲೆ ಸೀಮೆಸುಣ್ಣದಲ್ಲಿ ತನ್ನ ಹೆಸರು ಬರೆದು ವಾಲ್ವಿಗೆ ತೂಗುಹಾಕಬೇಕು. ಅವನೇ ಬಂದು ತೆಗೆಯುವವರೆಗೆ ಮ್ಯಾನೇಜರ್ ಕೂಡ ಮುಟ್ಟಬಾರದು. ಒಮ್ಮೆ ಯಾರೋ ಅವಸರಕ್ಕೆ ತೆಗೆದು ವಾಲ್ವ್ ತಿರುಗಿಸಿ ಹಬೆ ಬಿಟ್ಟುಬಿಟ್ಟರು. ಒಳಗೆ ಅವನ ಜೊತೆಗಾರ ಹನುಮಂತಯ್ಯ ಕೆಲಸ ಮಾಡುತ್ತಿದ್ದರು. ಇವತ್ತಿಗೂ ಅವರು ಮನೆಗೆ ಬಂದರೆ ಎಂಥ ಸೆಕೆಯಲ್ಲೂ ಕತ್ತಿನ ಗುಂಡಿ ಬಿಚ್ಚುವುದಿಲ್ಲ. ಅಂದಿನಿಂದ ಶ್ಯಾಮಸುಂದರನಿಗೆ ಆ ತಗಡು ದೇವರ ಸಮಾನ. ಮನೆಯಲ್ಲೂ ಅದೇ ನಿಯಮ. ಶರಣ್ಯಳ ಪರೀಕ್ಷೆಯ ಕಾಲದಲ್ಲಿ ಅವನು ಮೇನ್ ಸ್ವಿಚ್ಚಿಗೆ ಅದನ್ನು ತೂಗುಹಾಕಿ, ವೈರು ತರಲು ಹೋಗಿ, ಗೆಳೆಯರ ಜೊತೆ ಮಾತಿಗೆ ಕೂತು ಮರೆತುಬಿಟ್ಟ. ತಾಯಿ ಮಗಳು ಮೊಂಬತ್ತಿ ಹಚ್ಚಿಕೊಂಡು ಕೂತರೇ ಹೊರತು ಸ್ವಿಚ್ ಮುಟ್ಟಲಿಲ್ಲ.

ಅದರ ಮೇಲೆ ಅವನ ಹೆಸರಲ್ಲದೆ ಬೇರೆ ಹೆಸರನ್ನು ಈ ಮನೆಯಲ್ಲಿ ಯಾರೂ ಬರೆದಿರಲಿಲ್ಲ. ಸೀಮೆಸುಣ್ಣದ ತುಂಡು ಹಿಡಿದು ಅವಳು 'ವೆಂಕಟಲಕ್ಷ್ಮಿ' ಎಂದು ಬರೆದಳು. ಹೆಸರು ಉದ್ದವಾಯಿತು, ಕೊನೆಯ ಅಕ್ಷರ ಅಂಚಿನಲ್ಲಿ ಇರುಕಿಕೊಂಡಿತು. ಸ್ಟೀರಿಂಗಿಗೆ ತೂಗುಹಾಕಿ ಅಡುಗೆಮನೆಗೆ ಬಂದು, ಹಾಲಿನ ಮುಂದೆ ನಿಂತಳು.

ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಮಾತು ನಿಲ್ಲಿಸುವವನು. ಒಂದು ಸಲ ನಿಲ್ಲಿಸಿದರೆ ಮನೆಯ ಗೋಡೆಗಳೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಹೊರಗೆ ಕಾರಿನ ಬಾಗಿಲು ತೆರೆದ ಸದ್ದು. ಆಮೇಲೆ ಏನೂ ಇಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಆರಿಸಲು ಕೈ ಬರಲಿಲ್ಲ. ಬಾಗಿಲು ಮುಚ್ಚಿತು. ಅವನು ಬಂದು ಹೊಸ್ತಿಲಲ್ಲಿ ನಿಂತ.

"ಯಾರು ಹಾಕಿದ್ದು?"

"ಹೆಸರು ಬರ್ದಿದೆಯಲ್ಲ."

"ಏನು ಕೆಲಸ ಬಾಕಿ?"

ಬಾಯ್ಲರ್ ಮನೆಯಲ್ಲಿ ಕೇಳುವ ಪ್ರಶ್ನೆ ಅದು. ಅವಳು ಮೌನಕ್ಕೆ ಸಿದ್ಧಳಾಗಿದ್ದಳು, ಪ್ರಶ್ನೆಗಲ್ಲ.

"ರೇಡಿಯೇಟರ್," ಎಂದಳು. "ದೊಡ್ಡದು ಹಾಕಿಸ್ಬೇಕು. ಕೊಯ್ದರೂ ಸರಿ."

"ಭಾನುವಾರದೊಳಗೆ ಆಗ್ದಿದ್ರೆ?"

"ಬಾಡಿಗೆ ಗಾಡಿ."

ಅವನು ಒಲೆ ಆರಿಸಿದ. ಬಟ್ಟೆ ಎಳೆದುಕೊಂಡು ಚೆಲ್ಲಿದ ಹಾಲು ಒರೆಸಿದ. "ಹನುಮಂತಯ್ಯಂಗೆ ಮಾತ್ರ ಹೇಳ್ಬೇಡ," ಎಂದ. "ಸಾಯೋವರ್ಗೂ ಆಡ್ಕೋತಾನೆ."

ತಗಡು ಇರುವವರೆಗೆ ಗಾಡಿಯನ್ನು ಅಲುಗಿಸುವಂತಿರಲಿಲ್ಲ. ಮುತ್ತುವೇ ಹೊಸ ರೇಡಿಯೇಟರ್ ಹೊತ್ತು ಮನೆಗೆ ಬಂದ. "ಏನಣ್ಣ ಇದು, ದೃಷ್ಟಿಗೆ ಕಟ್ಟಿದೀರಾ?" ಎಂದು ತಗಡಿಗೆ ಕೈ ಚಾಚಿದಾಗ ಶ್ಯಾಮಸುಂದರ ಅವನ ಮಣಿಕಟ್ಟು ಹಿಡಿದು, "ಮುಟ್ಬೇಡ, ಅಕ್ಕನ್ನ ಕೇಳು," ಎಂದ. ಕಬ್ಬಿಣ ಕೊಯ್ಯುವಾಗ ಮಾತ್ರ ಅವನು ಒಳಗೆ ಬಂದು ಟಿವಿಯ ಸದ್ದು ಜೋರು ಮಾಡಿಕೊಂಡು ಕೂತ.

ಶನಿವಾರ ಸಂಜೆಗೆ ಕೆಲಸ ಮುಗಿಯಿತು. ಭಾನುವಾರ ತಿಂಡಿ ಆದಮೇಲೆ ಅವನು ಕಾರಿನ ಬಾಗಿಲು ತೆರೆದು ಹಿಡಿದು ನಿಂತ.

"ತೆಗಿ."

"ನೀವೇ ತೆಗೀರಿ."

"ಹೆಸರು ಯಾರದ್ದು?"

ಅವಳ ಕೈ ಮುಂದೆ ಹೋಗಿ ನಿಂತಿತು. ಇಲ್ಲಿಯವರೆಗೆ ಗಾಡಿ ಕೆಟ್ಟಿದ್ದರೆ ಅವನ ಹಟದಿಂದ ಕೆಟ್ಟಂತೆ. ಇನ್ನು ಮೇಲೆ ನಡುರಸ್ತೆಯಲ್ಲಿ ಹಬೆ ಎದ್ದರೆ, ಹಿಂದಿನ ಸೀಟಿನಲ್ಲಿ ಶರಣ್ಯ ಹೊಟ್ಟೆ ಹಿಡಿದುಕೊಂಡು "ಅಮ್ಮಾ" ಅಂದರೆ, ಅದು ಇವಳದ್ದು. ಭಯ ಹೋಗುತ್ತದೆ ಎಂದುಕೊಂಡಿದ್ದಳು. ಅದು ಮನೆ ಬದಲಾಯಿಸಿತ್ತು, ಅಷ್ಟೆ.

"ಮೊದ್ಲು ನಾಗಸಂದ್ರದ ಸಿಗ್ನಲ್‌ಗೆ ಹೋಗೋಣ," ಎಂದಳು. "ಹೀಟರ್ ಇಲ್ದೆ."

ಅವನು ತಲೆಯಾಡಿಸಿದ. ಅವಳು ತಗಡನ್ನು ಬಿಚ್ಚಿ, ಮೊಳೆಗೆ ಹಾಕದೆ, ಎರಡೂ ಕೈಯಲ್ಲಿ ಅವುಚಿಕೊಂಡು ಪಕ್ಕದಲ್ಲಿ ಕೂತಳು.

ಭಾನುವಾರವಾದರೂ ಅಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಕೆಂಪು ದೀಪ. ಮುಳ್ಳು ಎದ್ದಿತು, ಅರ್ಧಕ್ಕೆ ಬಂದು ನಿಂತಿತು. ಮುಂದೆ ಎಲ್ಲೋ ಫ್ಯಾನ್ ತಿರುಗುವ ಸದ್ದು. ಸ್ವಲ್ಪ ಇಳಿಯಿತು. ಮತ್ತೆ ಅರ್ಧ. ಹಸಿರು ಬಿತ್ತು, ಮತ್ತೆ ಕೆಂಪಾಯಿತು.

"ಜಿಗಣಿಗಾ, ಮನೆಗಾ?" ಎಂದು ಅವನು ಕೇಳಿದ. ಕೇಳಿ ಕಾದ.

ಅವಳು ಅಂಗೈ ಬಿಡಿಸಿ ನೋಡಿದಳು. ಬೆವರಿಗೆ ಸೀಮೆಸುಣ್ಣವೆಲ್ಲ ಕೈಗೆ ಬಂದಿತ್ತು, ತಗಡಿನ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಮತ್ತೊಮ್ಮೆ ಮುಳ್ಳು ನೋಡಿದಳು.

"ಜಿಗಣಿಗೆ," ಎಂದಳು. "ನಿಧಾನಕ್ಕೆ ಹೋಗಿ. ನಾನು ನೋಡ್ತಿರ್ತೀನಿ."