ಬರಿಗೈ ಡಾಕ್ಟರು

ಬೇರೆ ಡಾಕ್ಟರುಗಳ ಪೆನ್ನು ಮೇಜಿನ ಮೇಲಿರುತ್ತದೆ, ಇಲ್ಲವೆ ಎದೆಯ ಜೇಬಿನಿಂದ ಕತ್ತು ಹೊರಗೆ ಹಾಕಿ ಯಾವಾಗ ಕರೆದಾರೆಂದು ಕಾಯುತ್ತಿರುತ್ತದೆ. ಈ ಡಾಕ್ಟರ ಪೆನ್ನು ಮಾತ್ರ ಕೋಟಿನ ಒಳಮಗ್ಗುಲ ಜೇಬಿನ ತಳದಲ್ಲಿ, ಬಿಗಿಯಾದ ಒಂದು ಗುಂಡಿಯ ಕಾವಲಿನಲ್ಲಿ ಇರುತ್ತಿತ್ತು. ಅದನ್ನು ಹೊರಗೆ ತೆಗೆಯಬೇಕಾದರೆ ಮೊದಲು ಎಡಗೈಯಿಂದ ಕೋಟಿನ ಅಂಚು ಸರಿಸಬೇಕು, ಆಮೇಲೆ ಬಲಗೈ ಬೆರಳುಗಳಿಂದ ಆ ಗುಂಡಿಯನ್ನು ಪುಸಲಾಯಿಸಬೇಕು, ಅದು ಮನಸ್ಸು ಮಾಡಿ ಕಾಜದಿಂದ ಹೊರಬಂದ ಮೇಲೆ ಜೇಬಿನ ಆಳಕ್ಕೆ ಕೈ ಇಳಿಸಬೇಕು. ಎದುರು ಕುಳಿತ ರೋಗಿಗಳ ಕಣ್ಣೆಲ್ಲ ಆ ಕೈಯ ಮೇಲೆಯೇ. ಕೈ ಕೋಟಿನೊಳಗೆ ಹೋದರೆ ಅವರ ಮುಖ ಅರಳುತ್ತಿತ್ತು. ಗುಂಡಿಯನ್ನು ಮುಟ್ಟಿ, ಏನೋ ಯೋಚಿಸಿ, ಹಾಗೆಯೇ ಹೊರಬಂದರೆ ಬಾಡುತ್ತಿತ್ತು. ಹೆಚ್ಚಿನ ದಿನಗಳಲ್ಲಿ ಅದು ಹಾಗೆಯೇ ಹೊರಬರುತ್ತಿತ್ತು. ಅವರಲ್ಲಿಗೆ ಹೋದವರು ಚೀಟಿಯಿಲ್ಲದೆ, ಗುಳಿಗೆಯಿಲ್ಲದೆ ಹಿಂದಿರುಗುತ್ತಿದ್ದುದರಿಂದ ಜನ ಅವರನ್ನು ಬರಿಗೈ ಡಾಕ್ಟರೆಂದು ಕರೆಯುತ್ತಿದ್ದರು.

ಮನುಷ್ಯ ಎತ್ತರ, ತೆಳ್ಳಗೆ. ಬೂದು ಬಣ್ಣದ ಆ ಕೋಟು ಮಾತ್ರ ಅವರಿಗಿಂತ ಒಂದು ಸುತ್ತು ದೊಡ್ಡದು. ರೋಗಿಯ ಮಾತು ಕೇಳುವಾಗ ತಲೆಯನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಕಿರಿದು ಮಾಡಿ, ಪ್ರತಿಯೊಂದು ದೂರಿಗೂ "ಇರ್ಲಿ, ಇರ್ಲಿ" ಎನ್ನುತ್ತಿದ್ದರು. ಹೊಸಬರಿಗೆ ಇದು ಉದಾಸೀನದಂತೆ ಕಾಣುತ್ತಿತ್ತು. ನೆಗಡಿಗೆ ಆಂಟಿಬಯಾಟಿಕ್ ಬೇಕೆಂದು ಬಂದವರಿಗೆ, ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ ಇನ್ನೊಂದು ಚೀಟಿ ಕೇಳಿದವರಿಗೆ, ನಿದ್ದೆಯ ಗುಳಿಗೆ ಮುಗಿಯಿತೆಂದು ಕಂಗಾಲಾದವರಿಗೆ ಅವರು ಕೊಡುತ್ತಿದ್ದುದು ಬರೀ ಮಾತು. ಆ ಮಾತಿನ ಕೊನೆಗೆ ಒಂದು ಪರೀಕ್ಷೆ ಬೇರೆ. ಯಾವ ಯಾವ ಲಕ್ಷಣ ಕಂಡರೆ ಓಡಿ ಬರಬೇಕೆಂದು ತಾವು ಹೇಳಿ, ಅದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸದೆ ಬಿಡುತ್ತಿರಲಿಲ್ಲ. ಕಂಕುಳಲ್ಲಿ ಮಗುವಿದ್ದ ತಾಯಂದಿರು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ, "ಒಂದು ಬಾಟ್ಲಿ ಸಿರಪ್ಪಾದ್ರೂ ಕೊಡಬಾರ್ದಿತ್ತಾ" ಎಂದು ಗೊಣಗುತ್ತ ಕ್ಲಿನಿಕ್ಕಿನ ಮೆಟ್ಟಿಲಿಳಿಯುತ್ತಿದ್ದರು.

ಗುಂಡಿಯ ಜೇಬು ಬಂದದ್ದು ಒಬ್ಬ ವೃದ್ಧ ದರ್ಜಿಯಿಂದ. ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲಾಗದೆ ಕಸುಬೇ ನಿಂತುಹೋಯಿತು ಎಂದು ಅಳಲುತ್ತ, ಬಿಸ್ಕತ್ತಿನ ಡಬ್ಬದ ತುಂಬ ಮಾತ್ರೆ ಹೊತ್ತುಕೊಂಡು ಅವನು ಬಂದಿದ್ದ. ಡಾಕ್ಟರು ಅವನ್ನೆಲ್ಲ ಮೇಜಿನ ಮೇಲೆ ಸುರುವಿಕೊಂಡು ಯಾವುದರ ಹಿಂದೆ ಯಾವುದು ಬಂತೆಂದು ಕೇಳುತ್ತ ಹೋದರು. ರಕ್ತದೊತ್ತಡದ ಮಾತ್ರೆಯಿಂದ ಕಾಲು ಊದಿತ್ತು. ಊತಕ್ಕೆಂದು ಒಬ್ಬರು ನೀರು ಇಳಿಸುವ ಮಾತ್ರೆ ಕೊಟ್ಟಿದ್ದರು. ಅದರಿಂದ ಮತ್ತೆ ಮತ್ತೆ ಎದ್ದು ನಿದ್ದೆ ಕೆಟ್ಟು, ಇನ್ನೊಬ್ಬರು ನಿದ್ದೆಯ ಮಾತ್ರೆ ಬರೆದಿದ್ದರು. ಅದರ ಮಂಪರಿಗೆ ತಲೆ ತಿರುಗಿ, ಮತ್ತೊಬ್ಬರು ತಲೆಸುತ್ತಿನ ಮಾತ್ರೆ ಸೇರಿಸಿದ್ದರು. ಕೈ ನಡುಗಿಸುತ್ತಿದ್ದುದು ಆ ಕೊನೆಯದು. ಬರೆದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಪ್ರತಿಯೊಬ್ಬರೂ ತಮ್ಮ ಎದುರು ಕಂಡ ಕಷ್ಟಕ್ಕೆ ಮರುಗಿ ಬರೆದವರೇ. ಡಾಕ್ಟರು ಒತ್ತಡದ ಮಾತ್ರೆಯನ್ನು ಬದಲಿಸಿ, ಉಳಿದವನ್ನು ಒಂದೊಂದಾಗಿ, ತಿಂಗಳುಗಟ್ಟಲೆ ಹಿಡಿದು ಬಿಡಿಸಿದರು. ಒಂದನ್ನು ಬಿಡಿಸಿದ ವಾರವೆಲ್ಲ ತಾವೇ ಅವನ ಅಂಗಡಿಗೆ ಹೋಗಿ ನಾಡಿ ಹಿಡಿಯುತ್ತಿದ್ದರು. "ಮಾತ್ರೆ ಬಿಟ್ಟಿರೋದು ನಾನು, ಸೊರಗ್ತಿರೋದು ನೀವು" ಎಂದು ದರ್ಜಿ ನಗುತ್ತಿದ್ದ.

ಕೈ ನೆಟ್ಟಗಾದ ಮೇಲೆ ಅವನು ಮೊದಲು ಹೊಲಿದದ್ದು ಡಾಕ್ಟರಿಗೊಂದು ಕೋಟು. ಡಾಕ್ಟರು ಕೇಳಿಕೊಂಡದ್ದು ಇಷ್ಟೇ: ಪೆನ್ನಿಗೆಂದು ಒಳಗೊಂದು ಆಳವಾದ ಜೇಬಿರಲಿ, ಅದರ ಗುಂಡಿ ಸುಲಭಕ್ಕೆ ಬಿಚ್ಚುವಂತಿರಬಾರದು.

"ಯಾಕೆ, ಕಳ್ಳರ ಭಯವಾ?"

"ನನ್ನದೇ ಭಯ" ಎಂದರು ಡಾಕ್ಟರು.

ಅವರ ಚಿಂತೆಯೆಲ್ಲ ಒಂದು ದಿನ ಕಳೆದು ಮೈ ತುಂಬಿಕೊಳ್ಳುತ್ತಾರೆಂಬ ನಂಬಿಕೆಯಿಂದ ದರ್ಜಿ ಕೋಟನ್ನು ಸ್ವಲ್ಪ ಸಡಿಲವಾಗಿಯೇ ಹೊಲಿದಿದ್ದ. ಅವನ ನಂಬಿಕೆ ಕೈಗೂಡಲಿಲ್ಲ, ಕೋಟು ಕೊನೆಯವರೆಗೂ ಅವರ ಭುಜದ ಮೇಲೆ ಜೋತಾಡುತ್ತಲೇ ಇತ್ತು.

ಔಷಧಿ ಬೇಡವೆನ್ನುವ ಡಾಕ್ಟರು ಗಟ್ಟಿ ಗುಂಡಿಗೆಯವರಿರಬೇಕೆಂದು ಜನ ತಿಳಿಯುತ್ತಾರೆ. ಇವರದು ಅಪ್ಪಟ ಪುಕ್ಕಲು ಜೀವ. ಬರೆದುಕೊಟ್ಟು ಕಳಿಸಿದ ರೋಗಿಯನ್ನು ಮರೆತು ಅವರು ನೆಮ್ಮದಿಯಾಗಿ ಉಣ್ಣಬಲ್ಲರು. ಬರೆಯದೆ ಕಳಿಸಿದವನು ಊಟದ ತಟ್ಟೆಯ ಎದುರಿಗೇ ಬಂದು ಕೂರುತ್ತಿದ್ದ. ಆ ಮಗುವಿನ ಜ್ವರ ಏರಿದ್ದರೆ? ಎದೆಯೊಳಗಿನ ಸದ್ದೊಂದು ತಮ್ಮ ಕಿವಿಗೆ ತಪ್ಪಿಹೋಗಿದ್ದರೆ? ಹೀಗೆ ಯೋಚಿಸುತ್ತ ಸಂಜೆಯಾಗುತ್ತಲೂ ಕೋಟು ಏರಿಸಿಕೊಂಡು ಹೊರಟುಬಿಡುತ್ತಿದ್ದರು. ಬೇರೆ ಬೀದಿಗಳಲ್ಲಿ ರೈಲು ತಪ್ಪೀತೆಂದು ಓಡುವವರಂತೆ ದಾಪುಗಾಲು. ಬರಿಗೈಯಲ್ಲಿ ಕಳಿಸಿದವರ ಬೀದಿ ಬಂತೆಂದರೆ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಮೊದಮೊದಲು ಅವರು ಮನೆಯ ಮುಂದೆಯೇ ನಿಂತು ಕಿಟಕಿಯತ್ತ ಕತ್ತು ಚಾಚುತ್ತಿದ್ದರು. ಆದದ್ದು ಎಡವಟ್ಟು. ಬೆಳಿಗ್ಗೆ "ಏನೂ ಇಲ್ಲ ಹೋಗಮ್ಮ" ಎಂದವರು ಸಂಜೆ ಬಂದು ಮನೆ ಮುಂದೆ ನಿಂತದ್ದನ್ನು ನೋಡಿ ಒಬ್ಬ ತಾಯಿ ಎದೆಯೊಡೆದು, ಮಗುವನ್ನು ಹೊತ್ತು ಹಿಂಬಾಗಿಲಿನಿಂದ ಔಷಧಿ ಅಂಗಡಿಗೆ ಓಡಿ, ಬಗೆಬಗೆಯ ಬಾಟಲಿ ಕೊಂಡು ತಂದಿದ್ದಳು. ತಾವು ಬೆಳಿಗ್ಗೆ ತಪ್ಪಿಸಿದ್ದನ್ನು ಸಂಜೆ ತಮ್ಮ ಮುಖವೇ ಮಾಡಿಸಿತೆಂದು ಡಾಕ್ಟರು ಪೆಚ್ಚಾದರು.

ಅಂದಿನಿಂದ ಅವರು ಎದುರು ಸಾಲಿನ ಅಂಗಡಿಗಳಿಗೆ ಗಿರಾಕಿಯಾದರು. ಅಂಗಡಿಯವನೊಂದಿಗೆ ಚೌಕಾಸಿ ಮಾಡುತ್ತ, ಕಣ್ಣನ್ನು ಮಾತ್ರ ಎದುರು ಮನೆಯ ಕಿಟಕಿಯಲ್ಲಿ ಇಟ್ಟು, ಮಗು ಓಡಾಡುವುದು ಕಂಡೊಡನೆ ಕೈಗೆ ಸಿಕ್ಕಿದ್ದನ್ನು ಕೊಂಡು ಬರುತ್ತಿದ್ದರು. ಮನೆಯಲ್ಲಿ ಶೂ ಲೇಸು, ಜರಡಿ, ಛತ್ರಿ, ಮೇಣದಬತ್ತಿ, ಯಾವ ಬಾಗಿಲಿಗೂ ಹಾಕದ ಬೀಗಗಳು ತುಂಬಿಹೋದವು. ಅವರು ಹೊಸ್ತಿಲು ದಾಟುವಾಗ ಹೆಂಡತಿ ಮೊದಲು ನೋಡುತ್ತಿದ್ದುದು ಕೈಯನ್ನು. ಜರಡಿಯಾದರೆ ಇಂಥ ಬೀದಿ, ಛತ್ರಿಯಾದರೆ ಇಂಥ ಮನೆ ಎಂದು ಆಕೆಗೆ ಬಾಯಿಪಾಠ. "ಊರವ್ರಿಗೆ ಬೇಡದ್ದು ಕೊಡಬಾರ್ದು ಅಂತ ನಮ್ಮನೆಗೆ ಬೇಡದ್ದನ್ನೆಲ್ಲ ತಂದು ಸುರೀತೀರಲ್ಲ" ಎಂದು ಆಕೆ ರೇಗಿಸಿದರೆ, ಅವರು "ಇರ್ಲಿ, ಇರ್ಲಿ" ಎಂದು ಒಳಗೆ ಜಾರುತ್ತಿದ್ದರು. ಹೀಗೆ ಊರನ್ನೆಲ್ಲ ಬರಿಗೈಯಲ್ಲಿ ಕಳಿಸಿದ ಡಾಕ್ಟರು ತಾವು ಮಾತ್ರ ಒಂದು ಸಂಜೆಯೂ ಬರಿಗೈಯಲ್ಲಿ ಮನೆಗೆ ಬಂದವರಲ್ಲ.

ಬಂದದ್ದು ಒಂದೇ ಸಲ. ಒಂದು ಬೆಳಿಗ್ಗೆ ಬಸ್ ಚಾಲಕನೊಬ್ಬ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಬಂದ; ಹಿಂದೆ ಅವನ ಹೆಂಡತಿ, ಅವಳ ತೋಳಲ್ಲಿ ಕೈಗೂಸು. ಹುಡುಗಿಗೆ ಜ್ವರ, ಕೆಮ್ಮು, ಮೂಗಿನಲ್ಲಿ ಧಾರೆ.

"ರಾತ್ರಿಯೆಲ್ಲ ಕೆಮ್ಮಿದ್ದಾಳೆ ಡಾಕ್ಟ್ರೇ. ನಾನು ಸ್ಟಿಯರಿಂಗ್ ಹಿಡ್ಕೊಂಡು ತೂಕಡಿಸೋ ಹಾಗಿಲ್ಲ. ಸ್ಟ್ರಾಂಗಾಗಿ ಒಂದು ಆಂಟಿಬಯಾಟಿಕ್ ಬರ್ಕೊಡಿ, ಮುಗಿಸಿಬಿಡೋಣ."

ಡಾಕ್ಟರು ಹುಡುಗಿಯ ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಸಾಲದೆಂದು ಇನ್ನೊಮ್ಮೆ ಕೇಳಿದರು. ಎಲ್ಲೂ ಒಡಕು ಸದ್ದಿಲ್ಲ. ಕೈ ಕೋಟಿನೊಳಗೆ ಹೋಯಿತು, ಗುಂಡಿ ಕಾಜದಿಂದ ಅರ್ಧ ಹೊರಗೂ ಬಂತು. "ಇರ್ಲಿ, ಇರ್ಲಿ" ಎಂದು ತಮಗೇ ಹೇಳಿಕೊಂಡು ಅದನ್ನು ಮತ್ತೆ ಒಳಕ್ಕೆ ತಳ್ಳಿದರು.

"ಇದು ವೈರಸ್ಸಿಂದ ಬಂದಿರೋ ನೆಗಡಿ. ಆಂಟಿಬಯಾಟಿಕ್ ಇದನ್ನ ಮುಟ್ಟೋದೂ ಇಲ್ಲ. ಸುಮ್ನೆ ಹೊಟ್ಟೆ ಕೆಡಿಸುತ್ತೆ, ಮುಂದೆ ನಿಜವಾಗ್ಲೂ ಬೇಕಾದಾಗ ಕೈ ಕೊಡುತ್ತೆ. ಎಂಥದ್ದು ಕಂಡ್ರೆ ಓಡಿ ಬರ್ಬೇಕು ಅಂದೆ, ಹೇಳಮ್ಮ ನೋಡೋಣ."

"ಉಸಿರು ಜೋರಾದ್ರೆ, ಪಕ್ಕೆ ಒಳಗೆ ಎಳ್ಕೊಂಡ್ರೆ, ನೀರು ಬೇಡ ಅಂದ್ರೆ" ಎಂದು ತಾಯಿ ಒಪ್ಪಿಸಿದಳು. ಚಾಲಕ ಕುರ್ಚಿ ಸದ್ದಾಗುವಂತೆ ಸರಿಸಿ ಎದ್ದು ಹೋದ.

ಅವರ ಮನೆ ಬೀಗದ ಅಂಗಡಿಯ ಎದುರಿನ ಮಹಡಿ. ಅಂದು ಸಂಜೆ ಹುಡುಗಿ ಕಿಟಕಿಯ ಗಾಜಿಗೆ ಮೂಗು ಒತ್ತಿ, ಉಸಿರಿನ ಮಂಜಿನಲ್ಲಿ ಬೆರಳಾಡಿಸುತ್ತಿದ್ದಳು. ಡಾಕ್ಟರು ಸಂತೋಷದಿಂದ ಒಂದು ಬೀಗ ಕೊಂಡರು. ಮರುದಿನ ಸಂಜೆ ಹೋದರೆ ಅಂಗಡಿ ಮುಚ್ಚಿತ್ತು, ಕಿಟಕಿಯಲ್ಲಿ ದೀಪವಿರಲಿಲ್ಲ. ನಿಲ್ಲಲು ನೆಪವಿಲ್ಲ, ಹೋಗಲು ಮನಸ್ಸಿಲ್ಲ. ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬಂದರು, ಮತ್ತೆ ಹೋದರು. ಮೇಲೆ ಹತ್ತಿ ಬಾಗಿಲು ತಟ್ಟಿ, ಒಳಗೆ ಮಗು ಸುಮ್ಮನೆ ನಿದ್ದೆ ಮಾಡುತ್ತಿದ್ದರೆ ಆ ಮನೆಯವರ ಎದೆಯೊಡೆದು ಮತ್ತೆ ಔಷಧಿ ಅಂಗಡಿಯೇ ಗತಿ. ತಟ್ಟದೆ ಹೋಗಿ, ಒಳಗೆ ಬೇರೇನೋ ಆಗಿದ್ದರೆ? ಕೊನೆಗೆ ಅವರು ಮೆಟ್ಟಿಲು ಹತ್ತಿದರು.

ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು, ಕೈಗೂಸನ್ನು ನೆರೆಯವಳಿಗೆ ಒಪ್ಪಿಸುತ್ತಿದ್ದಳು. ಅಷ್ಟು ಹೊತ್ತು ಹುಡುಗಿಯನ್ನು ಒಳಕೋಣೆಯಲ್ಲಿ ಮಲಗಿಸಿದ್ದರಿಂದ ಬೀದಿಯ ಕಡೆ ದೀಪ ಹಾಕಿರಲಿಲ್ಲ.

"ಪಕ್ಕೆ ಎಳೀತಿದೆ ಡಾಕ್ಟ್ರೇ. ನಿಮ್ಮ ಹತ್ರಾನೇ ಹೊರಟಿದ್ದೆ."

ಮಂಚದ ಮೇಲೆ ಮಲಗಿಸಿ ಕಿವಿಗೊಟ್ಟರೆ, ಬಲಗಡೆಯ ತಳದಲ್ಲಿ, ನಿನ್ನೆ ಇಲ್ಲದಿದ್ದ ಆ ಒಡಕು ಸದ್ದು, ನ್ಯುಮೋನಿಯಾದ ಗುರುತು. ಡಾಕ್ಟರು ಕೋಟಿನೊಳಗೆ ಕೈ ಹಾಕಿ ಎಳೆದ ರಭಸಕ್ಕೆ ದಾರ ಕಿತ್ತು ಗುಂಡಿ ಎಲ್ಲಿಗೋ ಉರುಳಿತು. ಆಂಟಿಬಯಾಟಿಕ್ ಈಗಲೇ ಶುರುವಾಗಬೇಕೆಂದು ಮೊಣಕಾಲಿನ ಮೇಲೆ ಕಾಗದವಿಟ್ಟು ಬರೆದು, ತಾವೇ ಗಾಡಿ ಹಿಡಿದು ತಾಯಿ ಮಗಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಮಗುವಿನ ಕೈಗೆ ಸೂಜಿ ಚುಚ್ಚಿ ಔಷಧಿ ಹನಿಯತೊಡಗಿದ ಮೇಲೆ, ಸಮವಸ್ತ್ರದಲ್ಲೇ ಓಡಿ ಬಂದ ಚಾಲಕ ಅವರ ಎದುರು ನಿಂತ. ಕೂಗಾಡಲಿಲ್ಲ.

"ನಿನ್ನೇನೇ ಬರ್ಕೊಟ್ಟಿದ್ರೆ ಇಷ್ಟಾಗ್ತಿತ್ತಾ?"

ಪುಸ್ತಕದಲ್ಲಿ ಇದಕ್ಕೆ ಉತ್ತರವುಂಟು. ನಿನ್ನೆ ಆ ಎದೆಯಲ್ಲಿ ಈ ರೋಗವಿರಲಿಲ್ಲ. ಇರದ ರೋಗಕ್ಕೆ ಮೊದಲೇ ಕೊಟ್ಟ ಮದ್ದು ಅದನ್ನು ತಡೆಯುತ್ತದೆಂಬ ಭರವಸೆಯಿಲ್ಲ. ಮಗಳ ಏದುಸಿರು ಕೇಳಿಸುತ್ತಿರುವ ತಂದೆಗೆ ಅದನ್ನು ಹೇಳಲು ಡಾಕ್ಟರಿಗೆ ಬಾಯಿ ಬರಲಿಲ್ಲ. "ಗೊತ್ತಿಲ್ಲಪ್ಪ" ಎಂದರು. ಆ ರಾತ್ರಿ ಅವರು ಮನೆಗೆ ಬಂದಾಗ ಹೆಂಡತಿ ಎಂದಿನಂತೆ ಕೈ ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ. ಕೋಟನ್ನು ಇಸಿದುಕೊಂಡು, ಗುಂಡಿಯ ಜಾಗದಲ್ಲಿ ಜೋತಾಡುತ್ತಿದ್ದ ದಾರ ನೋಡಿದಳು.

"ಬೇರೆ ಗುಂಡಿ ಹಚ್ಚಲಾ?"

"ಬೇಡ" ಎಂದರು ಡಾಕ್ಟರು.

ಹುಡುಗಿ ಉಳಿದಳು, ವಾರದೊಳಗೆ ನಗುತ್ತ ಮನೆಗೆ ಹೋದಳು. ಡಾಕ್ಟರ ಜೇಬು ಮಾತ್ರ ಬಾಯಿ ತೆರೆದುಕೊಂಡೇ ಇತ್ತು. ಪೆನ್ನು ಕರೆದರೆ ಸಾಕು, ಕೈಗೆ ಬರುತ್ತಿತ್ತು. ಕೆಮ್ಮಿದವರಿಗೆ ಚೀಟಿ, ಸೀನಿದವರಿಗೆ ಚೀಟಿ. ರೋಗಿಗಳು ನಮಸ್ಕಾರ ಮಾಡಿ ಖುಷಿಯಾಗಿ ಹೋಗುತ್ತಿದ್ದರು. ಡಾಕ್ಟರು ಸಂಜೆ ಮನೆಯಲ್ಲೇ ಇರುತ್ತಿದ್ದರು, ಹೊಟ್ಟೆ ತುಂಬ ಉಂಡು ಗೊರಕೆ ಹೊಡೆಯುತ್ತಿದ್ದರು. ಹೊಸ ಸಾಮಾನೊಂದೂ ಬಾರದ ಮನೆಯಲ್ಲಿ ಹೆಂಡತಿಗೆ ಏಕೋ ಸಂಕಟವಾಗುತ್ತಿತ್ತು, ಆ ಗೊರಕೆ ಕೇಳುತ್ತ ನಿದ್ದೆಗೆಟ್ಟದ್ದು ಈಗ ಆಕೆ.

ಹೀಗಿರುವಾಗ ಒಂದು ಬೆಳಿಗ್ಗೆ ಚಾಲಕನ ಹೆಂಡತಿ ಒಬ್ಬಳೇ ಕೈಗೂಸನ್ನು ಎತ್ತಿಕೊಂಡು ಬಂದಳು. "ಇವ್ರಪ್ಪಂಗೆ ಇನ್ನೂ ನಿಮ್ಮ ಮೇಲೆ ಕೋಪ ಇದೆ. ನಾನು ಬಂದೆ" ಎಂದಳು. ಕೂಸಿಗೆ ನೆಗಡಿ, ಚೂರು ಜ್ವರ. ಅವಳು ಮಾತು ಮುಗಿಸುವ ಮೊದಲೇ ಡಾಕ್ಟರ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಎದೆ ನೋಡ್ಲೇ ಇಲ್ವಲ್ಲ ಡಾಕ್ಟ್ರೇ" ಎಂದಳು.

ಪೆನ್ನು ನಿಂತಿತು. ಡಾಕ್ಟರ ಮುಖ ಕಿವಿಯವರೆಗೆ ಕೆಂಪೇರಿತು. ಎಷ್ಟು ದಿನದಿಂದ ಎಷ್ಟು ಜನರ ಎದೆಗೆ ಕಿವಿಗೊಡದೆ ಬರೆದುಕೊಟ್ಟಿದ್ದೇನೆಂದು ಅವರು ಲೆಕ್ಕ ಹಾಕತೊಡಗಿದರು. ಅವಳು ಪರ್ಸಿನೊಳಗೆ ಹುಡುಕಿ, ಸಣ್ಣದೇನನ್ನೋ ತೆಗೆದು ಮೇಜಿನ ಮೇಲಿಟ್ಟಳು. "ಕಸ ಗುಡಿಸುವಾಗ ಮಂಚದ ಕೆಳಗೆ ಸಿಕ್ತು. ನಿಮ್ಮದೇ ಅಲ್ವಾ?"

ಡಾಕ್ಟರು ಎದ್ದು, ಕೈ ಬೆಚ್ಚಗೆ ಮಾಡಿಕೊಂಡು, ಕೂಸಿನ ಎದೆಯನ್ನು ಮುಂದಿನಿಂದ, ಹಿಂದಿನಿಂದ ಕೇಳಿದರು, ಇನ್ನೊಮ್ಮೆ ಕೇಳಿದರು. ಬರೆದಿದ್ದ ಚೀಟಿಯನ್ನು ಹರಿದರು. ಅವಳು ಹೇಳಿಸಿಕೊಳ್ಳುವ ಮೊದಲೇ ಉಸಿರು, ಪಕ್ಕೆ, ನೀರು ಎಂದು ಒಪ್ಪಿಸಿ, ಗೊಣಗದೆ ಮೆಟ್ಟಿಲಿಳಿದಳು. ಅಂದು ಸಂಜೆ ಡಾಕ್ಟರು ಹೊಸ್ತಿಲು ದಾಟಿದಾಗ ಒಂದು ಕೈಯಲ್ಲಿ ಬೀಗವಿತ್ತು, ಇನ್ನೊಂದರಲ್ಲಿ ಗುಂಡಿ. ಹೆಂಡತಿ ಸೂಜಿ ದಾರ ತಂದಳು, ಬಿಚ್ಚಲು ಇನ್ನಷ್ಟು ಕಷ್ಟವಾಗುವಂತೆ ಬಿಗಿದು ಹೊಲಿದಳು. ಡಾಕ್ಟರು ಆ ರಾತ್ರಿಯೂ, ಆಮೇಲಿನ ಎಷ್ಟೋ ರಾತ್ರಿಗಳೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಇಂಥವರು ಎಲ್ಲ ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಕೊಡುವವರ ಕೆಲಸ ಎಲ್ಲರ ಕಣ್ಣಿಗೆ ಬೀಳುತ್ತದೆ, ಕೊಟ್ಟೆನೆಂಬ ನೆಮ್ಮದಿಯೂ ಅವರಿಗೆ ಸಿಗುತ್ತದೆ. ಕೊಡದೆ ಕೈ ತಡೆದವರಿಗೆ ಸಾಕ್ಷಿ ಹೇಳುವವರಿಲ್ಲ. ತಲೆ ತಿರುಗಿ ಬೀಳದೆ ಉಳಿದ ಮುದುಕನನ್ನು, ಸುಮ್ಮನೆ ಹೊಟ್ಟೆ ಕೆಡಿಸಿಕೊಳ್ಳದೆ ಬೆಳೆದ ಮಗುವನ್ನು ಯಾರು ಬೊಟ್ಟು ಮಾಡಿ ತೋರಿಸಿಯಾರು? ಅವರ ಪಾಲಿಗೆ ಕೊನೆಗೆ ಉಳಿಯುವುದು ಆ ತಂದೆ ಕೇಳಿದಂಥ ಪ್ರಶ್ನೆ, ಅದಕ್ಕೆ ಉತ್ತರ ಅವರಿಗೆ ಎಂದೂ ಸಿಗುವುದಿಲ್ಲ. ಅವರಿಗೆ ಧೈರ್ಯ ಬಂದೀತೆಂದು ಕಾಯುವುದೂ ವ್ಯರ್ಥ. ಅವರು ಆ ಭಯವನ್ನೇ ಹೊತ್ತುಕೊಂಡು ಸಂಜೆ ಕಿಟಕಿಗಳನ್ನು ನೋಡಿಕೊಂಡು ಬರುತ್ತಾರೆ, ಬೆಳಿಗ್ಗೆ ಎದ್ದು ಮತ್ತೆ ಬೇಡವೆನ್ನುತ್ತಾರೆ.