ಮಡಕೆ ಆರುವವರೆಗೆ

"ಆ ಹೆಂಗಸು ತಂದ ಹಿಡಿ ಹಿಟ್ಟೂ ನನ್ನ ಒಲೆ ಏರಲ್ಲ" ಎಂದು ಫಲೇಸಿ ಗಂಡನೆದುರು ಆಣೆ ಮಾಡಿ ಎಷ್ಟೋ ವರ್ಷಗಳಾಗಿದ್ದವು. ಆ ಗಂಡ, ಪೊಲೀಸ್ ಪೇದೆ ವೈಸನ್, ಈಗ ಒಳಕೋಣೆಯ ಪೆಟ್ಟಿಗೆಯಲ್ಲಿ ಮಲಗಿದ್ದ. ಆ ಹೆಂಗಸು, ಲಿಸ್ನೆಟ್, ಸಾವಿನ ಮನೆಗೆ ಎಲ್ಲರೂ ತರುವಂತೆ ಮೆಕ್ಕೆಜೋಳದ ಹಿಟ್ಟಿನ ಬುಟ್ಟಿ ತಂದು ಇಳಿಸುತ್ತಿದ್ದಳು.

"ಅಲ್ಲಿಡಬೇಡ," ಚಾಪೆಯ ಮೇಲಿಂದಲೇ ಹೇಳಿದಳು ಫಲೇಸಿ.

ಲಿಲೋಂಗ್ವೆ ನಗರದಿಂದ ಬಂದಿದ್ದ ನಾದಿನಿ ಮೊಡೆಸ್ತಾ ಮೊಣಕೈಯಿಂದ ತಿವಿದಳು. "ಅತ್ತಿಗೆ, ಹೆಣ ಇನ್ನೂ ಮನೇಲಿದೆ. ಸುಮ್ನಿರಿ."

"ಅದಕ್ಕೇ ಹೇಳ್ತಿರೋದು. ಇದ್ದಷ್ಟು ದಿನ ನಿಮ್ಮಣ್ಣ ಇವಳ ಮಾವಿನ ಮರಕ್ಕೆ ಸೈಕಲ್ ಒರಗಿಸ್ಕೊಂಡು ಕೂತಿದ್ರು. ಈಗ ಇವಳೇ ಹುಡುಕ್ಕೊಂಡು ಬಂದ್ಲಾ?"

* * *

ವರ್ಷಗಳ ಹಿಂದೆ, ಕಚಾಸು ಎಂಬ ಕಳ್ಳಬಟ್ಟಿ ಸಾರಾಯಿ ಕಾಯಿಸುವವರನ್ನು ಹಿಡಿಯಲು ಹೋದ ವೈಸನ್ ಆವತ್ತೂ ಬರಿಗೈಯಲ್ಲಿ ಬಂದಿದ್ದ.

"ಕೋಳಿ ಕದ್ದ ಅಂತ ನನ್ನ ತಮ್ಮನ್ನ ಎಳ್ಕೊಂಡು ಹೋದ್ರಿ. ಸಾರಾಯಿ ಕಾಯಿಸೋ ಆ ಲಿಸ್ನೆಟ್ ಮೋರೆ ನೋಡಿದ್ರೆ ಮಾತ್ರ ಕಾನೂನು ಮರೆತು ಹೋಗುತ್ತಾ?"

"ನಿನ್ನ ತಮ್ಮನ ಬೆನ್ನಿಗೆ ಕೂಸು ಕಟ್ಟಿರಲಿಲ್ಲ," ಎಂದ ವೈಸನ್, ಬೂಟು ಬಿಚ್ಚುತ್ತಾ.

ಆ ಕೂಸು ಯಾರದು ಎಂಬುದೇ ಫಲೇಸಿಯ ಎದೆಯಲ್ಲಿ ಮುಳ್ಳಾಯಿತು. ತಟ್ಟೆಯಲ್ಲಿ ಮುದ್ದೆ ಆರಿ ಕಲ್ಲಾಗಿತ್ತು. ಅವನು ಅದನ್ನೇ ಮುರಿದು ತಿಂದ.

* * *

ಲಿಸ್ನೆಟ್ ಬುಟ್ಟಿ ಹಿಡಿದು ನಿಂತೇ ಇದ್ದಳು.

"ಅಕ್ಕ, ಅವರು ನನ್ನ ಮುಖ ನೋಡ್ತಾ ಕೂತೋರಲ್ಲ. ಬಟ್ಟಿಗೆ ಬೆನ್ನು ಹಾಕಿ ಕೂರ್ತಿದ್ರು. ಮಡಕೆ ಬಿಸಿ ಇದ್ದಾಗ ಹಿಡಿದ್ರೆ ಕೇಸು, ತಣ್ಣಗಿದ್ರೆ ಅದು ಬರೀ ಮಡಕೆ. 'ನಂಗೆ ನಿದ್ದೆ ಬರ್ತಿದೆ, ನೀನು ಬೆಂಕಿ ಆರಿಸು' ಅನ್ನೋರು. ಆರಿದ ಮೇಲೆ ಎದ್ದು ಬಂದು, ಮುಟ್ಟಿ ನೋಡಿ, ಎಲ್ಲಾ ಚೆಲ್ಲಿಸಿ ಹೋಗೋರು."

"ನಿನಗೊಬ್ಬಳಿಗೇ ಯಾಕೆ ಆ ಮರ್ಯಾದೆ?"

ಹಿಂದೆ ಕೂತಿದ್ದ ಹೆಂಗಸೊಬ್ಬಳು ಕೆಮ್ಮಿದಳು. "ನಮ್ಮ ಮರದಡೀಲೂ ಕೂತಿದ್ರು, ತಾಯಿ. ನನ್ನ ಎರಡನೇದು ಹಾಲು ಕುಡೀತಿದ್ದಾಗ."

"ನಮ್ಮಲ್ಲೂ," ಎಂದಳು ಇನ್ನೊಬ್ಬಳು. "ಸುಳ್ಳು ನಿದ್ದೆ, ಗೊರಕೆ ಬೇರೆ."

ಚಾಪೆಯ ಮೇಲೆ ನಗು ಹರಿದು ಥಟ್ಟನೆ ನಿಂತಿತು. ಫಲೇಸಿ ನಗಲಿಲ್ಲ. ಒಬ್ಬಳಿಗೆಂದು ಇಷ್ಟು ವರ್ಷ ಕಾದಿಟ್ಟ ಹೊಟ್ಟೆಕಿಚ್ಚನ್ನು ಈಗ ಚಾಪೆ ತುಂಬಾ ಹಂಚಬೇಕಾಗಿತ್ತು.

"ನಿಮ್ಮ ಮಡಕೆ ಆರೋವರೆಗೂ ಕಾದ್ರು," ಎಂದಳು. "ಇಲ್ಲಿ ನನ್ನ ಮುದ್ದೆ ಆರ್ತಿತ್ತು. ಅದಕ್ಕಾಗಿ ಒಂದು ದಿನಾನೂ ಓಡಿ ಬರಲಿಲ್ಲ."

ಹಿತ್ತಲಿನಿಂದ ಕೂಗು ಬಂತು: ಗುಂಡಿ ತೋಡಿದವರು ಊಟಕ್ಕೆ ಬಂದಿದ್ದಾರೆ, ಹಿಟ್ಟು ಸಾಲುತ್ತಿಲ್ಲ.

ಫಲೇಸಿ ಲಿಸ್ನೆಟ್ಟಳ ಬುಟ್ಟಿಯನ್ನೇ ನೋಡುತ್ತಾ ಕೂತಳು. ಆಮೇಲೆ ಗದ್ದದಿಂದ ಹಿತ್ತಲಿನ ಕಡೆ ತೋರಿಸಿದಳು.

"ಹೋಗು, ಒಲೆ ಅಲ್ಲಿದೆ. ಬಿಸಿ ಇರುವಾಗಲೇ ಬಡಿಸು."

ಆಣೆ ಮುರಿಯಿತು.