ಹೊನ್ನಯ್ಯನವರ ಕೀಲಿಗೊಂಚಲು

ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಯಾರಿಗೆ ಫಿಟ್ಸ್ ಬಂದರೂ ಜನ ಮೊದಲು ಓಡುತ್ತಿದ್ದುದು ಹೊನ್ನಯ್ಯನವರ ಮನೆಗೆ. ಕಾರ್ಖಾನೆಯ ಸ್ಟೋರಿನಲ್ಲಿ ದುಡಿದು ನಿವೃತ್ತರಾದ ಅವರ ಬಳಿ ಹಳೆಯ ಕಬ್ಬಿಣದ ಕೀಲಿಗಳ ದಪ್ಪ ಗೊಂಚಲಿತ್ತು. ಅದನ್ನು ಕೈಗೆ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ಇಡೀ ಸಾಲು ನಂಬಿತ್ತು. ಒಂದು ಬೆಳಿಗ್ಗೆ ಅವರ ಸೊಸೆ ಯಶೋಧರಾಳೇ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಗೊಂಚಲನ್ನು ಯಾರೋ ಒಯ್ದವರು ವಾಪಸ್ ಕೊಟ್ಟಿರಲಿಲ್ಲ.

ಆಂಬುಲೆನ್ಸ್ ಬಂತು. ಆಂಬುಲೆನ್ಸ್ ಸಿಬ್ಬಂದಿಯ ತರಬೇತಿಗೆ ಸೇರಿ ಎರಡೇ ತಿಂಗಳಾಗಿದ್ದ ಸುಷ್ಮಾ ಒಳಗೆ ಓಡಿದಳು. ಯಶೋಧರಾ ಅಂಗಾತ ಬಿದ್ದು ಇನ್ನೂ ಸೆಟೆದು ನಡುಗುತ್ತಿದ್ದಳು. ಹಲ್ಲಿನ ನಡುವೆ ಚಮಚ, ತುಟಿಯಲ್ಲಿ ರಕ್ತ. ಪಕ್ಕದ ಮನೆಯ ಕಾಳಮ್ಮ ಕಾಲು ಅದುಮಿ ಹಿಡಿದಿದ್ದರು. ಹೊನ್ನಯ್ಯ ಬಾಯಿಗೆ ನೀರು ಬಿಡಲು ಲೋಟ ಬಾಗಿಸುತ್ತಿದ್ದರು.

ಸುಷ್ಮಾಳಿಗೆ ಮೈಯೆಲ್ಲ ಉರಿದುಹೋಯಿತು. ಲೋಟ ಕಿತ್ತುಕೊಂಡಳು. "ನೀರು ಉಸಿರಿನ ಕೊಳವೆಗೆ ಹೋದ್ರೆ ಸತ್ತೇ ಹೋಗ್ತಾರೆ ಅಜ್ಜಾ! ಅಮ್ಮಾ, ನೀವು ಕಾಲು ಬಿಡಿ!"

ಅವಳು ಚಮಚ ತೆಗೆದು, ಯಶೋಧರಾಳನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯಡಿ ಮಡಿಸಿದ ಬಟ್ಟೆ ಇಟ್ಟಳು. ಬಾಯಿಯ ನೊರೆ, ರಕ್ತ ಹೊರಗೆ ಹರಿಯಿತು. ಹಿರಿಯ ಸಿಬ್ಬಂದಿ ಯೋಗರಾಜ್ ಆಕ್ಸಿಜನ್ ಹಾಕಿ, ಫೋನಿನಲ್ಲಿ ಡಾಕ್ಟರನ್ನು ಕೇಳಿ ಇಂಜೆಕ್ಷನ್ ಕೊಟ್ಟರು.

"ಯಾವಾಗ ಶುರುವಾಯ್ತು?" ಸುಷ್ಮಾ ಕೇಳಿದಳು. ಯಾರೂ ಗಡಿಯಾರ ನೋಡಿರಲಿಲ್ಲ.

"ಎಂಟೂವರೆ ಬಸ್ಸು ಹೋದಾಗ ಬಿದ್ಲು ಕಣಮ್ಮ," ಎಂದರು ಕಾಳಮ್ಮ.

"ನಮಗೆ ಫೋನ್ ಬಂದಿದ್ದು ಎಂಟು ನಲವತ್ತೆರಡಕ್ಕೆ. ಹನ್ನೆರಡು ನಿಮಿಷ ಏನ್ ಮಾಡ್ತಿದ್ರಿ?"

ಹೊನ್ನಯ್ಯನವರ ದನಿ ಇಳಿಯಿತು. "ಗೊಂಚಲು ಹುಡುಕ್ತಿದ್ವಿ, ಮಗಾ."

"ಫೋನು ಜೇಬಲ್ಲೇ ಇತ್ತಲ್ಲ ಅಜ್ಜಾ!"

"ಸಿಟ್ಟು ಆಮೇಲೆ ಮಾರಾಯ್ತಿ," ಎಂದರು ಯೋಗರಾಜ್. "ಮೊದ್ಲು ಉಸಿರು ನೋಡು."

ಸುಷ್ಮಾ ಉಸಿರು ನೋಡಿದಳು. ನಡುಕ ನಿಂತಿತ್ತು, ಆದರೆ ಯಶೋಧರಾ ಕಣ್ಣು ತೆರೆದಿರಲಿಲ್ಲ. ಸ್ಟ್ರೆಚರ್ ಹಿಂದೆಯೇ ಬಂದ ಹೊನ್ನಯ್ಯ ಗೊಣಗಿದರು: "ನಾನು ಗೊಂಚಲು ಕೊಟ್ಟಾಗೆಲ್ಲ ನಿಂತಿದೆಯಮ್ಮ."

"ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ. ನೀವು ಗೊಂಚಲು ತರೋ ಹೊತ್ತಿಗೆ ನಿಲ್ತಿತ್ತು, ಹೆಸರು ಕಬ್ಬಿಣಕ್ಕೆ ಬಂತು. ಐದು ನಿಮಿಷ ದಾಟಿದ್ರೆ ಜೀವಕ್ಕೇ ಅಪಾಯ. ಇವತ್ತು ದಾಟ್ತಲ್ಲ!"

ಹೊನ್ನಯ್ಯನವರೂ ಆಂಬುಲೆನ್ಸ್ ಹತ್ತಿದರು. ಮಲವಗೊಪ್ಪ ದಾಟಿ ಶಿವಮೊಗ್ಗ ಹತ್ತಿರವಾದಾಗ ಯಶೋಧರಾ ಕಣ್ಣು ಬಿಟ್ಟು, "ಒಲೆ ಆರಿಸಿದ್ರಾ ಮಾವಾ?" ಎಂದಳು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಮುದುಕ ಮುಖ ಮುಚ್ಚಿಕೊಂಡು ಅತ್ತರು. ಸುಷ್ಮಾಳಿಗೆ ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ತಿಂಗಳು ಕಳೆಯಿತು. ಮೊದಲಿಂದಲೂ ಫಿಟ್ಸ್ ಇದ್ದ ತಮ್ಮನಿಗೆ ಮತ್ತೆ ಬಂತೆಂದು ಕಾಳಮ್ಮ ಓಡಿ ಬಂದರು. "ಗೊಂಚಲು ಕೊಡಿ!" ವಾಪಸ್ ಬಂದಿದ್ದ ಗೊಂಚಲು ಮೊಳೆಯಲ್ಲೇ ನೇತಾಡುತ್ತಿತ್ತು. ಹೊನ್ನಯ್ಯ ಅದನ್ನು ಮುಟ್ಟದೆ, ಕೈಗಡಿಯಾರ ನೋಡುತ್ತಲೇ ಓಡಿದರು. ಕಾಳಮ್ಮನ ತಮ್ಮನನ್ನು ಮಗ್ಗುಲಿಗೆ ಹೊರಳಿಸಿದರು. ಹಿಡಿಯಲು ಬಂದವರನ್ನು ಗದರಿ ದೂರ ನಿಲ್ಲಿಸಿದರು. ಎರಡು ನಿಮಿಷಕ್ಕೆ ನಡುಕ ನಿಂತು, ಉಸಿರು ಸರಿಯಾಯಿತು.

"ಕಬ್ಬಿಣ ಇಲ್ದೇ ನಿಂತ್ತಲ್ರೀ!" ಎಂದರು ಕಾಳಮ್ಮ.

ಓದುಗರೇ, ನಿಮಗೂ ಅಷ್ಟೇ ಹೇಳುವುದು. ಫಿಟ್ಸ್ ಬಂದವರ ಬಾಯಿಗೆ ಏನನ್ನೂ ತುರುಕಬೇಡಿ, ಅದುಮಿ ಹಿಡಿಯಬೇಡಿ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ನಿಂತ ಮೇಲೂ ಎಚ್ಚರವಾಗದಿದ್ದರೆ ಅಥವಾ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಪೆಟ್ಟಾಗಿದ್ದರೆ ಐದು ನಿಮಿಷವೂ ಕಾಯಬೇಡಿ. ಯಶೋಧರಾಳ ಹಲ್ಲು ಮುರಿದದ್ದು ಫಿಟ್ಸ್ ಅಲ್ಲ, ಅವಳನ್ನು ಉಳಿಸಲು ಬಂದವರ ಚಮಚ.